ಬೆರಿಲ್ ಬರೆದದ್ದು, ಬೆರಿಲ್ ತಿಂದದ್ದು

ನಮ್ಮ ಬೀದಿಯ ಕೊನೆಯ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಕ್ಲಿಫರ್ಡ್ ಶೋರಾಕ್ ಅವರು ನಿಂತಿದ್ದರೆ ಅಂದು ಮಂಗಳವಾರ ಇಲ್ಲವೇ ಶುಕ್ರವಾರ ಎಂದು ತಿಳಿಯಬಹುದಿತ್ತು. ಹಿರಿಯರಿಗೆ ಕೊಡುವ ಉಚಿತ ಪಾಸು ಒಂಬತ್ತೂವರೆಗೆ ಮೊದಲು ನಡೆಯುವುದಿಲ್ಲ. ಒಂಬತ್ತು ಇಪ್ಪತ್ತೆಂಟಕ್ಕೆ ಬರುವ ಬಸ್ಸಿನ ಚಾಲಕ ಬಾಗಿಲು ತೆರೆದು, ಎರಡು ನಿಮಿಷಕ್ಕೆ ಯಾರೂ ನಿಮ್ಮನ್ನು ಜೈಲಿಗೆ ಹಾಕುವುದಿಲ್ಲ, ಹತ್ತಿ ಎಂದರೂ ಅವರು ಹತ್ತುತ್ತಿರಲಿಲ್ಲ. ಟೋಪಿಗೆ ಎರಡು ಬೆರಳು ತಾಗಿಸಿ ಅದನ್ನು ಕಳಿಸಿ, ಒಂಬತ್ತು ನಲವತ್ತಮೂರರ ಬಸ್ಸಿಗೆ ಕಾಯುತ್ತಿದ್ದರು. ಬಗಲಲ್ಲಿ ಕಂದು ಬಣ್ಣದ ಚೀಲ, ಚೀಲದಲ್ಲಿ ಒಂದು ಪಿಕ್ಚರ್ ಪೋಸ್ಟ್‌ಕಾರ್ಡು. ಅಂದು ಯಾವ ಊರಿಗೆ ಹೋಗಬೇಕು, ಅಲ್ಲಿಂದ ಯಾವ ತಿಂಡಿ ತರಬೇಕು ಎಂಬುದು ಆ ಕಾರ್ಡಿನ ಹಿಂಬದಿಯಲ್ಲಿರುತ್ತಿತ್ತು.

ಇದು ೨೦೧೭ರ ಫೆಬ್ರವರಿ, ಮಾರ್ಚ್ ತಿಂಗಳುಗಳ ಮಾತು. ಆ ಎರಡು ತಿಂಗಳ ನನ್ನ ದಿನಚರಿಯಲ್ಲಿ ನನ್ನ ವಿಷಯಕ್ಕಿಂತ ಪಕ್ಕದ ಮನೆಯ ವಿಷಯವೇ ಹೆಚ್ಚಿದೆ. ಉತ್ತರ ಇಂಗ್ಲೆಂಡಿನ ನಮ್ಮ ಆಕ್ರಿಂಗ್ಟನ್ ಊರಿನ ಸಾಲುಮನೆಗಳಲ್ಲಿ ಎರಡು ಮನೆಗೆ ಒಂದೇ ಗೋಡೆ. ಇಪ್ಪತ್ತೊಂದು ವರ್ಷದಿಂದ ಆ ಗೋಡೆಯ ಒಂದು ಬದಿ ನನ್ನದು, ಇನ್ನೊಂದು ಬದಿ ಶೋರಾಕ್ ದಂಪತಿಯದು.

ಕ್ಲಿಫ್ ಇಟ್ಟಿಗೆ ಕಾರ್ಖಾನೆಯಲ್ಲಿ ಗೂಡಿನ ಕೆಲಸ ಮಾಡಿ ನಿವೃತ್ತರಾದವರು. ಹೆಂಡತಿ ಬೆರಿಲ್ ಮೊದಲು ಮಗ್ಗದಲ್ಲಿದ್ದು, ಮಗ್ಗಗಳು ನಿಂತ ಮೇಲೆ ಶಾಲೆಯ ಅಡುಗೆಮನೆಗೆ ಸೇರಿದವರು. ಮಕ್ಕಳಿಲ್ಲ. ಊರಿನ ಗಿರಣಿಗಳೆಲ್ಲ ಒಟ್ಟಿಗೆ ಬಾಗಿಲು ಹಾಕುವ ಬೇಸಿಗೆ ರಜೆಯಲ್ಲೂ ಉಳಿದ ಕಾಲದ ಭಾನುವಾರಗಳಲ್ಲೂ ಇಬ್ಬರೂ ತಮ್ಮ ಹಳೆಯ ಕಾರಿನಲ್ಲಿ ಇಂಗ್ಲೆಂಡಿನ ಉತ್ತರಾರ್ಧವನ್ನೆಲ್ಲ ಸುತ್ತಿದ್ದರು. ಹೋಟೆಲಿನಲ್ಲಿ ತಂಗಿದವರಲ್ಲ; ಬೆಳಿಗ್ಗೆ ಹೊರಟು ಸಂಜೆಗೆ ಮರಳುವುದು. ಊಟದ ಬುತ್ತಿ ಮನೆಯದೇ. ಆದರೆ ಹೋದ ಊರಿಗೆ ಹೆಸರು ತಂದ ತಿಂಡಿಯೊಂದನ್ನು ಮಾತ್ರ ಕ್ಲಿಫ್ ತಪ್ಪದೆ ಕೊಳ್ಳುತ್ತಿದ್ದರು. ಬರಿ ಎಂಬ ಊರಿನಲ್ಲಿ ಹಂದಿಯ ರಕ್ತ ತುಂಬಿ ಬೇಯಿಸಿದ ಬ್ಲ್ಯಾಕ್ ಪುಡಿಂಗ್, ಎಕಲ್ಸ್‌ನಲ್ಲಿ ಒಣದ್ರಾಕ್ಷಿಯ ಕೇಕು, ಮೋರ್‌ಕಂಬ್‌ನಲ್ಲಿ ಪುಟ್ಟ ಕುಡಿಕೆಯೊಳಗೆ ಬೆಣ್ಣೆ ಸುರಿದು ಹೆಪ್ಪುಗಟ್ಟಿಸಿದ ಸಿಗಡಿ. ಆ ಊರಿಗೆ ಹೋಗಿ ಇದನ್ನು ತಿನ್ನದೆ ಬಂದರೆ ಹೋದಂತೆಯೇ ಅಲ್ಲ ಎಂಬುದು ಅವರ ವಾದ. ಮೂರು ವರ್ಷದ ಹಿಂದೆ ಕಣ್ಣು ಮಂಜಾದ ಮೇಲೆ ಕಾರನ್ನು ಮಾರಿದರು. ಆಮೇಲೆ ಎಲ್ಲಿಗೂ ಹೋದದ್ದು ನನಗೆ ನೆನಪಿಲ್ಲ.

ಡಿಸೆಂಬರಿನಲ್ಲಿ ಬೆರಿಲ್‌ಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಮೂರಕ್ಕೆ ಇಳಿಯಿತು. "ತುಂಬಾ ಚೆನ್ನಾಗಿದೆ", "ಈಗ ಬೇಡ, ಆಮೇಲೆ", "ಥ್ಯಾಂಕ್ಸ್ ಕಣಪ್ಪ." ಬಾಲ್ಯದಿಂದ ನಾಲಿಗೆಗೆ ಹತ್ತಿದ ಉಪಚಾರದ ಮಾತುಗಳು ಹೀಗೆ ಉಳಿಯುವುದುಂಟು, ಅವುಗಳಿಗೆ ಅರ್ಥ ಇರಲೇಬೇಕೆಂದಿಲ್ಲ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ನುಂಗುವುದಕ್ಕೆ ತೊಂದರೆಯಿಲ್ಲ ಎಂದೂ ಪರೀಕ್ಷಿಸಿ ಬರೆದುಕೊಟ್ಟಿದ್ದರು. ಆದರೂ ಅವರು ತಿನ್ನುತ್ತಿರಲಿಲ್ಲ. ಗಂಜಿ, ಸೂಪು, ಹಿಸುಕಿದ ಆಲೂಗೆಡ್ಡೆ, ಸ್ಯಾಂಡ್‌ವಿಚ್, ಏನಿಟ್ಟರೂ ಒಂದು ಚಮಚ ಇಲ್ಲವೇ ಒಂದು ತುತ್ತು. ಆಮೇಲೆ ಮುಖ ಗೋಡೆಯ ಕಡೆಗೆ. ನಾನು ಇಲ್ಲಿಯ ಗ್ರಂಥಾಲಯದ ದಾಖಲೆ ವಿಭಾಗದಲ್ಲಿದ್ದೇನೆ; ಮಂಗಳವಾರ, ಶುಕ್ರವಾರ ನನಗೆ ಬಿಡುವು. ಆ ಎರಡು ದಿನ ಬೆರಿಲ್ ಜೊತೆ ನಾನು ಕೂರುತ್ತಿದ್ದೆ. ಕ್ಲಿಫ್ ಬಸ್ಸು ಹಿಡಿಯುತ್ತಿದ್ದರು.

ಪೋಸ್ಟ್‌ಕಾರ್ಡುಗಳ ಕಥೆ ಹೀಗೆ. ಬೆರಿಲ್ ಹೋದ ಊರುಗಳಿಂದೆಲ್ಲ ಹಲ್ ಪಟ್ಟಣದಲ್ಲಿದ್ದ ತಮ್ಮ ಅಕ್ಕ ಎನಿಡ್‌ಗೆ ಒಂದು ಕಾರ್ಡು ಹಾಕುತ್ತಿದ್ದರು. ಎನಿಡ್ ತೀರಿಕೊಂಡಾಗ ಅವೆಲ್ಲ ಶೂ ಡಬ್ಬಿಯೊಂದರಲ್ಲಿ ಮರಳಿ ಬಂದವು. ಹೆಂಡತಿಗೆ ಏನು ಸೇರುತ್ತದೆ ಎಂದು ತಲೆ ಕೆಡಿಸಿಕೊಂಡಿದ್ದ ಕ್ಲಿಫ್ ಫೆಬ್ರವರಿಯಲ್ಲಿ ಆ ಡಬ್ಬಿಯನ್ನು ಅಟ್ಟದಿಂದ ಇಳಿಸಿದರು. ಮಸೂರ ಹಿಡಿದು ಓದಿ, ತಿಂಡಿಯ ಹೆಸರು ಬಂದಲ್ಲೆಲ್ಲ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದರು. ಎಲ್ಲ ಕಾರ್ಡಿನಲ್ಲೂ ತಿಂಡಿಯ ಹೆಸರಿನ ಮುಂದೆ ತುಂಬಾ ಚೆನ್ನಾಗಿತ್ತು ಎಂದಿತ್ತು. ಅವರಿಗೆ ಅಷ್ಟು ಸಾಕಾಗಿತ್ತು.

ಹಾಗೆ ಬರಿಯಿಂದ ಬ್ಲ್ಯಾಕ್ ಪುಡಿಂಗ್ ಬಂತು. ಎಕಲ್ಸ್‌ನಿಂದ ಕೇಕು ಬಂತು. ಐದು ಬಸ್ಸು ಬದಲಿಸಿ ಗ್ರಾಸ್‌ಮಿಯರ್‌ಗೆ ಹೋಗಿ ಶುಂಠಿಯ ಬಿಸ್ಕತ್ತು ತಂದರು. ಹಿಂದಿರುಗುವಾಗ ತೊಡೆಯ ಮೇಲೇ ಇಟ್ಟುಕೊಂಡಿದ್ದರಂತೆ, ಒಂದೂ ಮುರಿದಿರಲಿಲ್ಲ. ಅಲ್ಲಿಯ ಹೆಸರಾಂತ ಕೆರೆಗಳನ್ನಾಗಲಿ ಬೆಟ್ಟಗಳನ್ನಾಗಲಿ ನೋಡಿದಿರಾ ಎಂದು ಕೇಳಿದ್ದಕ್ಕೆ, ಬಸ್ಸಿನ ಗಾಜು ಕೊಳೆಯಾಗಿತ್ತು ಎಂದರು. ಪ್ರತಿ ಸಲವೂ ಮೇಜಿಗೆ ಬಟ್ಟೆ ಹಾಸಿ, ಮದುವೆಯಲ್ಲಿ ಬಂದ ತಟ್ಟೆ ತೆಗೆದು, ತಂದದ್ದನ್ನು ಸಣ್ಣ ಚೂರು ಮಾಡಿ ಬೆರಿಲ್ ಬಾಯಿಗೆ ಹಿಡಿಯುತ್ತಿದ್ದರು. ಬೆರಿಲ್ ಬಾಯಿ ತೆರೆಯುತ್ತಿದ್ದರು. "ತುಂಬಾ ಚೆನ್ನಾಗಿದೆ" ಎನ್ನುತ್ತಿದ್ದರು. ಕ್ಲಿಫ್ ಮುಖ ಅರಳುವಷ್ಟರಲ್ಲಿ ಬೆರಿಲ್, ಎಡಗೈಯಿಂದ ಕರವಸ್ತ್ರವನ್ನು ತುಟಿಗೆ ಒತ್ತಿ, ಬಾಯಲ್ಲಿದ್ದುದನ್ನು ಅದರೊಳಗೆ ಬಿಟ್ಟು, ನೀಟಾಗಿ ಮಡಿಸಿ ಪಕ್ಕದಲ್ಲಿಡುತ್ತಿದ್ದರು.

ಮಾರ್ಚ್ ೯, ಗುರುವಾರ. ಮನೆಗೆ ಬರುವ ನರ್ಸ್ ಗೇನರ್, ಬೆರಿಲ್‌ರನ್ನು ತೂಕದ ಕುರ್ಚಿಯಲ್ಲಿ ಕೂರಿಸಿದಳು. ಆಸ್ಪತ್ರೆಯಿಂದ ಬಂದಾಗ ಏಳು ಸ್ಟೋನು ಇದ್ದವರು ಈಗ ಆರು ಸ್ಟೋನು ಒಂದು ಪೌಂಡು. ಎಂದರೆ ಮೂವತ್ತೆಂಟೂವರೆ ಕಿಲೋ; ಹದಿನಾಲ್ಕು ಪೌಂಡಿಗೆ ಒಂದು ಸ್ಟೋನು. ಗೇನರ್ ಒರಟು ಹುಡುಗಿಯಲ್ಲ. ಅವಳು ಕುರ್ಚಿಯ ಪಕ್ಕದಲ್ಲಿ ಮಂಡಿಯೂರಿ, ಕ್ಲಿಫ್ ಅವರ ಕಣ್ಣಿಗೆ ಸರಿಯಾಗಿ ಕಾಣುವಂತೆ ಮುಖ ಎತ್ತಿ ಹೇಳಿದಳು.

"ನೋಡಿ ಕ್ಲಿಫ್, ಮುಂದಿನ ಗುರುವಾರ ಆರರ ಕೆಳಗೆ ಬಂದ್ರೆ ನಾನು ಇವರನ್ನ ಇಲ್ಲಿ ಬಿಡೋಕಾಗಲ್ಲ. ಬರ್ನ್ಲಿ ಹತ್ರ ನರ್ಸಿಂಗ್ ಹೋಮಿನಲ್ಲಿ ಒಂದು ಹಾಸಿಗೆ ಇದೆ. ಅಲ್ಲಿ ಮೂಗಿನಿಂದ ನಳಿಕೆ ಹಾಕಿ ಉಣ್ಣಿಸ್ತಾರೆ."

"ಅವಳಿಗೆ ಮನೆಯಿಂದ ಆಚೆ ನಿದ್ದೆ ಬರಲ್ಲಮ್ಮ," ಎಂದರು ಕ್ಲಿಫ್. "ಅದಕ್ಕೇ ನಾವು ಯಾವತ್ತೂ ರಾತ್ರಿ ಎಲ್ಲೂ ಉಳ್ಕೊಂಡಿದ್ದಿಲ್ಲ."

ಗೇನರ್ ಮೇಲೆದ್ದಳು. ಹಾಳೆಯಲ್ಲಿ ತೂಕ ಬರೆದು ಹೋದಳು.

ಮರುದಿನ ಶುಕ್ರವಾರ ಕ್ಲಿಫ್ ಮೋರ್‌ಕಂಬ್‌ಗೆ ಹೋದರು. ಬೆಣ್ಣೆ ಸಿಗಡಿ ಅವರ ಕೊನೆಯ ಬಾಣ. ಕಾರ್ಡುಗಳಲ್ಲಿ ಅತಿ ಹೆಚ್ಚು ಸಲ ಬಂದ ಹೆಸರು ಅದೇ. "ಬೆರಿಲ್‌ಗೆ ಎಷ್ಟು ಇಷ್ಟ ಅಂದ್ರೆ, ನನ್ನ ಪಾಲೂ ಅವಳಿಗೇ ಕೊಡ್ತಿದ್ದೆ," ಎಂದಿದ್ದರು ಹೊರಡುವಾಗ. ಎರಡು ಕುಡಿಕೆ ತಂದರು. ಬ್ರೆಡ್ಡು ಟೋಸ್ಟ್ ಮಾಡಿ, ಬೆಣ್ಣೆ ಕರಗುವಷ್ಟು ಕಾದು, ಚಮಚದ ತುದಿಯಲ್ಲಿ ಎರಡು ಸಿಗಡಿ ಎತ್ತಿ ಹಿಡಿದರು. ತುಂಬಾ ಚೆನ್ನಾಗಿದೆ. ಕರವಸ್ತ್ರ. ಮಡಿಕೆ.

ಶನಿವಾರ ಸಂಜೆ ಗೋಡೆಯ ಆಚೆಯಿಂದ ಕ್ಲಿಫ್ ಅವರ ದನಿ ಜೋರಾಗಿ ಕೇಳಿತು. ಇಪ್ಪತ್ತೊಂದು ವರ್ಷದಲ್ಲಿ ಅದೇ ಮೊದಲು. ನಾನು ಚಹಾದ ಬಟ್ಟಲನ್ನು ಕೆಳಗಿಟ್ಟು ಎದ್ದು ನಿಂತೆ. ಹೋಗಬೇಕೋ ಬೇಡವೋ ತಿಳಿಯದೆ ಅಲ್ಲೇ ನಿಂತಿದ್ದೆ.

"ನೀನೇ ಬರೆದಿದ್ದೀಯಲ್ಲೇ! ಇಲ್ಲಿ ನೋಡು, ನಿನ್ನ ಕೈಬರಹ. ಚೆನ್ನಾಗಿತ್ತು ಅಂತ ಬರೆದಿದ್ದೀಯ. ನಾನು ಇನ್ನೇನು ತರ್ಲಿ? ಹೇಳೇ, ಏನು ತರ್ಲಿ?"

ಆಮೇಲೆ ಬೆರಿಲ್ ಅವರ ತೆಳು ದನಿ, "ಥ್ಯಾಂಕ್ಸ್ ಕಣಪ್ಪ."

ಭಾನುವಾರ ಬೆಳಿಗ್ಗೆ ಕ್ಲಿಫ್ ನನ್ನ ಬಾಗಿಲಲ್ಲಿ ನಿಂತಿದ್ದರು. ಗಡ್ಡ ಹೆರೆದಿದ್ದರು, ಟೈ ಕಟ್ಟಿದ್ದರು. ನಿನ್ನೆ ಗಲಾಟೆಯಾಯಿತು, ಕ್ಷಮಿಸಬೇಕು ಎಂದರು. ಏನೂ ಕೇಳಿಸಲಿಲ್ಲ ಎಂದೆ. ಇಬ್ಬರಿಗೂ ಅದು ಸುಳ್ಳೆಂದು ಗೊತ್ತಿತ್ತು. ಶೂ ಡಬ್ಬಿಯನ್ನು ನನ್ನ ಕೈಗಿತ್ತು, ಕೆಂಪು ಗೆರೆ ಎಳೆದ ತಿಂಡಿಗಳಲ್ಲಿ ಬೇಕ್‌ವೆಲ್ ಊರಿನ ಬಾದಾಮಿ ಪುಡಿಂಗು ಒಂದೇ ಬಾಕಿಯಿದೆ ಎಂದರು. ಕಣ್ಣು ಮಂಜಾದ ತನಗೆ ತಪ್ಪಿಹೋದದ್ದು ಇನ್ನೂ ಏನಾದರೂ ಇದ್ದರೆ ಹುಡುಕಿಕೊಡಿ, ಹಳೆಯ ಕಾಗದ ಓದುವುದು ನಿಮ್ಮ ಕೆಲಸವಲ್ಲವೇ ಎಂದರು.

ಅರವತ್ತೊಂದು ಕಾರ್ಡುಗಳಿದ್ದವು. ನಾನು ಕೆಲಸದಲ್ಲಿ ಮಾಡುವಂತೆ ಮೊದಲು ಅವನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ, ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದೆ. ಹೊಸ ತಿಂಡಿಯ ಹೆಸರು ಒಂದೂ ಸಿಗಲಿಲ್ಲ. ಆದರೆ ಬೇರೊಂದು ಕಂಡಿತು. ತಿಂಡಿಯ ಸಾಲು ಎಲ್ಲ ಕಡೆಯೂ ಒಂದೇ ಅಳತೆಯದು: ಹೆಸರು, ತುಂಬಾ ಚೆನ್ನಾಗಿತ್ತು, ಪೂರ್ಣವಿರಾಮ. ಹವೆ ಸುಮಾರಾಗಿತ್ತು ಎಂಬ ಸಾಲಿನ ಹಾಗೆಯೇ ಅದನ್ನೂ ಕೈ ತಾನಾಗಿ ಬರೆದಿತ್ತು. ಪೋಸ್ಟ್‌ಕಾರ್ಡಿನಲ್ಲಿ ಇಲ್ಲಿ ಯಾರೂ ಬೇರೆ ಮಾತು ಬರೆಯುವುದಿಲ್ಲ. ತಂದುಕೊಟ್ಟದ್ದು ರುಚಿಸಲಿಲ್ಲ ಎಂದು ಗಂಡನಿಗೂ ಹೇಳುವುದಿಲ್ಲ, ಅಕ್ಕನಿಗೂ ಬರೆಯುವುದಿಲ್ಲ. ಹಾಗೆ ಬರೆದದ್ದನ್ನು ನಂಬುವವರೂ ಇಲ್ಲಿಯವರೇ.

ಅಕ್ಷರ ಚಿಕ್ಕದಾಗಿ, ಸಾಲು ಒತ್ತೊತ್ತಾಗಿ, ವಿಳಾಸದ ಜಾಗಕ್ಕೂ ಹರಿದದ್ದು ಬೇರೆ ಕಡೆ. ಮೋರ್‌ಕಂಬ್, ಆಗಸ್ಟ್ ೧೯೭೪: "ಬೆಣ್ಣೆ ಸಿಗಡಿ ತಿಂದೆವು, ತುಂಬಾ ಚೆನ್ನಾಗಿತ್ತು. ಮಧ್ಯಾಹ್ನ ಜೋರು ಮಳೆ, ಕಾರಿನಿಂದ ಇಳಿಯಲೇ ಇಲ್ಲ. ಮೊಟ್ಟೆ ಸ್ಯಾಂಡ್‌ವಿಚ್ ಬಿಚ್ಚಿದೆವು. ಕ್ಲಿಫ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದ. ಗಾಜೆಲ್ಲ ಆವಿ ಹಿಡಿದು ಸಮುದ್ರವೇ ಕಾಣದು. ಒರೆಸಲು ಹೋದ, ಬೇಡ ಇರಲಿ ಅಂದೆ. ನಾಲ್ಕು ತಿಂದೆ ಕಣೇ ಎನಿಡ್." ವಿಟ್‌ಬಿ, ೧೯೮೧: "ಮಂಜು. ಕಾರಿನಲ್ಲೇ ಕೂತೆವು. ಮೂರು ತಿಂದೆ." ಬೇಕ್‌ವೆಲ್, ೧೯೯೩: "ಪುಡಿಂಗು ತುಂಬಾ ಚೆನ್ನಾಗಿತ್ತು. ಪುಣ್ಯಕ್ಕೆ ಮಳೆ ಬಂತು." ಹೀಗೆ ಹತ್ತೊಂಬತ್ತು ಕಾರ್ಡುಗಳಲ್ಲಿ. ಕಾರಿನ ಬುತ್ತಿಯ ಈ ಸಾಲುಗಳಲ್ಲಿ ಒಂದರ ಕೆಳಗೂ ಕೆಂಪು ಗೆರೆ ಇರಲಿಲ್ಲ. ಬುತ್ತಿಯ ಸ್ಯಾಂಡ್‌ವಿಚ್ಚು ಯಾವ ಊರಿನ ತಿಂಡಿಯೂ ಅಲ್ಲವಲ್ಲ.

ನಾನು ಆಗಲೇ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಐವತ್ತು ವರ್ಷ ನೀವು ಪ್ರೀತಿಯಿಂದ ತಂದುಕೊಟ್ಟದ್ದನ್ನು ಆಕೆ ಮರ್ಯಾದೆಗೆ ನುಂಗುತ್ತಿದ್ದರು ಎಂದು ಆ ಟೈ ಕಟ್ಟಿದ ಮನುಷ್ಯನಿಗೆ ಹೇಳುವ ಬಾಯಿ ನನಗಿರಲಿಲ್ಲ. ಅಲ್ಲದೆ ನನ್ನದು ಊಹೆ. ಮನೆಯಲ್ಲಿ ಸ್ಯಾಂಡ್‌ವಿಚ್ಚನ್ನೂ ಬೆರಿಲ್ ತಿಂದಿರಲಿಲ್ಲ. ಸೋಮವಾರ ಕೆಲಸಕ್ಕೆ ಹೋಗಿ ಬಂದೆ. ಮಂಗಳವಾರ ಬೆಳಿಗ್ಗೆ ಆಲಿಕಲ್ಲು ಬೆರೆತ ಮಳೆ ಬೀಳುತ್ತಿದ್ದಾಗ ಅವರು ಬೇಕ್‌ವೆಲ್‌ಗೆ ಹೊರಟು ನಿಂತರು. ಹೋಗಲು ನಾಲ್ಕು ಬಸ್ಸು, ಬರಲು ನಾಲ್ಕು ಬಸ್ಸು. ಬಾಗಿಲಲ್ಲಿ ನಿಂತು ನಾನು ಹೇಳಿದ್ದು ಇಷ್ಟೇ: ಮಫ್ಲರ್ ಸುತ್ತಿಕೊಳ್ಳಿ. ಎರಡೇ ದಿನ ಉಳಿದಿದ್ದಾಗ ಅದರಲ್ಲಿ ಒಂದನ್ನು ನಾನು ಹೀಗೆ ಕಳೆದೆ. ದಿನಚರಿಯಲ್ಲಿ ಆ ದಿನದ ಕೆಳಗೆ ಬೇರೇನೂ ಬರೆದಿಲ್ಲ.

ಅವರು ಮರಳುವ ಹೊತ್ತಿಗೆ ಬೀದಿದೀಪ ಹತ್ತಿತ್ತು. ಕೋಟಿನಿಂದ ನೀರು ಸುರಿಯುತ್ತಿತ್ತು. ಪುಡಿಂಗಿನ ಪೆಟ್ಟಿಗೆ ಮಾತ್ರ ಒಣಗಿತ್ತು, ಅದನ್ನು ಅಂಗಿಯೊಳಗೆ ಇಟ್ಟುಕೊಂಡಿದ್ದರು. ಚಳಿಗೆ ಬೆರಳು ಮರಗಟ್ಟಿ ತಟ್ಟೆಗೆ ಇಳಿಸಲಾಗಲಿಲ್ಲ, ನಾನೇ ಇಳಿಸಿದೆ. ಬೆರಿಲ್ ಒಂದು ಚೂರು ಬಾಯಿಗೆ ತೆಗೆದುಕೊಂಡರು. "ತುಂಬಾ ಚೆನ್ನಾಗಿದೆ" ಎಂದರು. ಕರವಸ್ತ್ರಕ್ಕೆ ಎಡಗೈ ಹೋಗುವುದನ್ನು ನೋಡಲಾರದೆ ಕ್ಲಿಫ್ ಕಿಟಕಿಯ ಕಡೆ ತಿರುಗಿದರು. ಅವರ ಬೆನ್ನನ್ನು ನೋಡುತ್ತ ನಾನು ಹೇಳಿದೆ. ಎಲ್ಲವನ್ನೂ ಹೇಳಿದೆ, ಕಾರ್ಡುಗಳನ್ನು ಒಂದೊಂದಾಗಿ ಓದಿದೆ.

"ಸಿಗಡೀನೂ?" ಎಂದರು ಕ್ಲಿಫ್, ತಿರುಗದೆಯೇ.

"ಇರಬಹುದು."

"ನನಗೆ ಸಿಗಡಿ ಅಂದ್ರೆ ಪ್ರಾಣ. ನಲವತ್ತು ವರ್ಷ ನನ್ನ ಕುಡಿಕೇನ ಅವಳಿಗೆ ತಳ್ಳಿದೀನಿ. ಅವಳು ಅದನ್ನೂ ತಿಂದಳಲ್ಲಮ್ಮ." ಆಮೇಲೆ, ಯಾರನ್ನು ಕೇಳುತ್ತಿದ್ದಾರೆಂದು ತಿಳಿಯದ ಹಾಗೆ, "ಒಂದು ಮಾತು ಹೇಳೋಕೇನಾಗಿತ್ತು ಇವಳಿಗೆ?" ಎಂದರು.

ಬೆರಿಲ್ ಇಬ್ಬರನ್ನೂ ನೋಡುತ್ತ ಕುಳಿತಿದ್ದರು.

ಬುಧವಾರ ನಾನು ಎರಡು ದಿನದ ರಜೆ ಹಾಕಿದೆ. ಕ್ಲಿಫ್ ಮೊಟ್ಟೆ ಬೇಯಿಸಿದರು. ಅದನ್ನು ಫೋರ್ಕಿನಿಂದ ಹಿಸುಕಿ, ಬಿಳಿ ಬ್ರೆಡ್ಡಿಗೆ ಬೆಣ್ಣೆ ಅಂಚಿನವರೆಗೆ ಹಚ್ಚಿ, ತ್ರಿಕೋನವಾಗಿ ಕತ್ತರಿಸಿ ಬೆಳ್ಳಿಹಾಳೆಯಲ್ಲಿ ಸುತ್ತಿದರು. ಇದನ್ನೆಲ್ಲ ಬೆರಿಲ್ ಮಾಡುತ್ತಿದ್ದುದಂತೆ; ಇವರ ಪಾಲಿಗೆ ಫ್ಲಾಸ್ಕು ಮಾತ್ರ. ಹಳೆಯ ಫ್ಲಾಸ್ಕಿನ ಮುಚ್ಚಳ ಕಳೆದಿತ್ತು, ನನ್ನದನ್ನು ಕೊಟ್ಟೆ. ಬೇಡ ಎಂದರು. ಅರ್ಧ ಗಂಟೆ ಹುಡುಕಿ ಮುಚ್ಚಳವನ್ನು ಹೊಲಿಗೆ ಡಬ್ಬಿಯಲ್ಲಿ ಕಂಡುಕೊಂಡರು.

ಹದಿನೇಳು ವರ್ಷದ ನನ್ನ ಪುಟ್ಟ ಕಾರಿನ ಮುಂದಿನ ಸೀಟಿಗೆ ಬೆರಿಲ್‌ರನ್ನು ಇಬ್ಬರೂ ಸೇರಿ ಎತ್ತಿ ಕೂರಿಸಿದೆವು. ಹೊತ್ತ ಕೈಗೆ ಭಾರವೇ ತಿಳಿಯಲಿಲ್ಲ. ಅದೇ ನನ್ನನ್ನು ಹೆದರಿಸಿತು. ಮೋರ್‌ಕಂಬ್‌ವರೆಗೆ ಹೋಗುವ ಶಕ್ತಿ ಆಕೆಯಲ್ಲಿರಲಿಲ್ಲ. ಊರ ಮೇಲಿನ ಬಯಲಿನಲ್ಲಿ ಜಲಾಶಯವೊಂದಿದೆ, ಅದರ ಎದುರಿಗೆ ಗಾಡಿ ನಿಲ್ಲಿಸುವ ಜಾಗ. ನೀರಿಗೆ ಮುಖ ಮಾಡಿ ನಿಲ್ಲಿಸಿದೆ. ನಾನು ಹಿಂದಿನ ಸೀಟಿಗೆ ಸರಿದೆ, ಕ್ಲಿಫ್ ಚಾಲಕನ ಜಾಗಕ್ಕೆ ಬಂದು ಸ್ಟೀರಿಂಗ್ ಮೇಲೆ ಕೈಯಿಟ್ಟು ಕುಳಿತರು. ಮಳೆ ತಗಡಿನ ಮೇಲೆ ಸದ್ದು ಮಾಡುತ್ತಿತ್ತು. ಹತ್ತು ನಿಮಿಷದಲ್ಲಿ ಮೂವರ ಉಸಿರಿಗೆ ಗಾಜೆಲ್ಲ ಬೆಳ್ಳಗಾಯಿತು. ಕ್ಲಿಫ್ ಚಹಾ ಬಗ್ಗಿಸಿ, ಬುತ್ತಿಯನ್ನು ಬೆರಿಲ್ ತೊಡೆಯ ಮೇಲಿಟ್ಟರು. ತಿನ್ನು ಎನ್ನಲಿಲ್ಲ. ಬಾಯಿಗೆ ಹಿಡಿಯಲಿಲ್ಲ. ಅಭ್ಯಾಸಬಲದಿಂದ ಅವರ ತೋಳು ಗಾಜು ಒರೆಸಲು ಮೇಲೇರಿತು. ಬೆರಿಲ್ ಎಡಗೈಯಿಂದ ಆ ತೋಳನ್ನು ಹಿಡಿದು ಕೆಳಗಿಳಿಸಿದರು.

ಆಮೇಲೆ ಬೆಳ್ಳಿಹಾಳೆ ಬಿಚ್ಚಿದರು. ಒಂದೇ ಕೈಯಲ್ಲಿ ಅದಕ್ಕೆ ಬಹಳ ಹೊತ್ತು ಹಿಡಿಯಿತು. ಯಾರೂ ಸಹಾಯ ಮಾಡಲಿಲ್ಲ. ಮೊದಲ ತ್ರಿಕೋನವನ್ನು ಕ್ಲಿಫ್ ಕೈಗೆ ಕೊಟ್ಟರು. ಎರಡನೆಯದನ್ನು ತಾವು ಎತ್ತಿಕೊಂಡು, ಮಂಜಾದ ಗಾಜನ್ನು ನೋಡುತ್ತ, ಅಂಚೊಂದನ್ನು ಬಿಟ್ಟು ಪೂರ್ತಿ ತಿಂದರು. ಇನ್ನೊಂದರಲ್ಲಿ ಅರ್ಧ ತಿಂದರು. ಚೆನ್ನಾಗಿದೆ ಎನ್ನಲಿಲ್ಲ. ಕ್ಲಿಫ್ ತಮ್ಮ ಕೈಯಲ್ಲಿದ್ದುದನ್ನು ತಿನ್ನುವುದನ್ನೇ ಮರೆತಿದ್ದರು.

ಆದರೆ ಒಂದೂವರೆ ಸ್ಯಾಂಡ್‌ವಿಚ್ಚು ತೂಕದ ಕುರ್ಚಿಗೆ ಏನೂ ಅಲ್ಲ. ಗುರುವಾರ ಐದು ಸ್ಟೋನು ಹದಿಮೂರು ಪೌಂಡು. ಗೆರೆಗಿಂತ ಒಂದು ಪೌಂಡು ಕೆಳಗೆ. ಗೇನರ್ ಕುರ್ಚಿಯನ್ನು ಸರಿಸಿ ಮತ್ತೊಮ್ಮೆ ತೂಗಿದಳು. ಅಷ್ಟೇ ಬಂತು. ಅವಳು ಚೀಲದಿಂದ ನರ್ಸಿಂಗ್ ಹೋಮಿನ ಕಾಗದ ತೆಗೆಯುವಾಗ ಕ್ಲಿಫ್ ಅವಳ ಮಣಿಕಟ್ಟು ಹಿಡಿದುಕೊಂಡರು. ಅವರು ಪರರನ್ನು ಹೀಗೆ ಮುಟ್ಟುವವರಲ್ಲ.

"ಅವಳು ಕಾರಿನಲ್ಲಿ ತಿಂತಾಳಮ್ಮ."

"ಏನಂದ್ರಿ?"

"ಕಾರಿನಲ್ಲಿ. ಗಾಜು ಮಂಜಾಗಿರಬೇಕು. ಬಂದು ನೋಡು. ನೋಡಿ ಆಮೇಲೆ ಬರೆದುಕೋ."

ಈ ಮುದುಕನಿಗೂ ಏನೋ ಆಗಿದೆ ಎಂಬಂತೆ ಅವಳು ನನ್ನತ್ತ ನೋಡಿದಳು. ನಾನು ತಲೆಯಾಡಿಸಿದೆ. ಅಂದು ಎಲ್ಲಿಗೂ ಹೋಗಲಿಲ್ಲ. ಮನೆಯ ಮುಂದೆ ನಿಂತಿದ್ದ ಕಾರಿನಲ್ಲೇ, ಎದುರುಮನೆಯ ಕಸದ ತೊಟ್ಟಿಗೆ ಮುಖ ಮಾಡಿ ಕೂರಿಸಿದೆವು. ಮಳೆಯಿರಲಿಲ್ಲ. ನಾಲ್ವರೂ ಉಸಿರು ಬಿಡುತ್ತ ಕಾದೆವು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಗೇನರ್, ತೊಡೆಯ ಮೇಲೆ ಸಹಿಯಿಲ್ಲದ ಕಾಗದ. ಗಾಜು ನಿಧಾನವಾಗಿ ಮಸುಕಾಯಿತು. ಬೆರಿಲ್ ಹಾಳೆ ಬಿಚ್ಚಿದರು. ಮೊದಲನೆಯದು ಕ್ಲಿಫ್‌ಗೆ. ಎರಡನೆಯದನ್ನು ತಿಂದರು. ಮೂರನೆಯದನ್ನು, ಹಿಂದೆ ಯಾರೋ ಇದ್ದಾರೆಂದು ನೆನಪಾದವರಂತೆ, ಭುಜದ ಮೇಲಿಂದ ಗೇನರ್‌ಗೆ ಚಾಚಿದರು.

ಗೇನರ್ ಅದನ್ನು ತಿಂದು, ಬೆರಳು ಒರೆಸಿಕೊಂಡು, ಕಾಗದವನ್ನು ಮಡಿಸಿದಳು. "ಒಂದು ವಾರ," ಎಂದಳು. "ಅದಕ್ಕಿಂತ ಹೆಚ್ಚು ನನ್ನ ಕೈಲಿಲ್ಲ. ತೂಕ ಇಳಿದ್ರೆ ನಾನೇ ಬಂದು ಕರ್ಕೊಂಡು ಹೋಗ್ತೀನಿ."

ಅಂದಿನಿಂದ ಕಾರಿನ ಕೀಲಿ ಅವರ ಮನೆಯ ಮೊಳೆಯಲ್ಲಿದೆ. ನಾನು ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ದಿನಕ್ಕೆ ಮೂರು ಸಲ ಕ್ಲಿಫ್ ಮತ್ತು ಎದುರುಮನೆಯವರು ಬೆರಿಲ್‌ರನ್ನು ಎತ್ತಿ ಕೂರಿಸುತ್ತಾರೆ. ಕೆಲವು ಸಲ ಬೆರಿಲ್ ತಿನ್ನುತ್ತಾರೆ. ಭಾನುವಾರ ತಿನ್ನಲಿಲ್ಲ. ಸೋಮವಾರ ಬೆಳಿಗ್ಗೆಯೂ ಇಲ್ಲ. ಆಗ ಗಾಜಿನ ಹಿಂದೆ ಕ್ಲಿಫ್ ಹಣೆಯನ್ನು ಸ್ಟೀರಿಂಗ್‌ಗೆ ಆನಿಸಿಕೊಂಡಿದ್ದು ಮಸುಕಾಗಿ ಕಂಡಿತು. ಬಸ್ಸು ಬಂತು, ನಾನು ಹತ್ತಿದೆ. ಸಂಜೆ ಒಂದು ತಿಂದರಂತೆ.

ಮಾರ್ಚ್ ೨೩, ಗುರುವಾರ. ಐದು ಸ್ಟೋನು ಹದಿಮೂರು. ಏರಿಲ್ಲ, ಇಳಿದೂ ಇಲ್ಲ. ಗೇನರ್ ಇನ್ನೊಂದು ವಾರ ಎಂದು ಬರೆದಳು.

ಶುಕ್ರವಾರ ಮಾರುಕಟ್ಟೆಯಲ್ಲಿ ನಾನು ಬೆಣ್ಣೆ ಸಿಗಡಿಯ ಒಂದು ಕುಡಿಕೆ ಕೊಂಡು, ಇದು ನಿಮಗೆ ಎಂದು ಕ್ಲಿಫ್ ಕೈಗಿಟ್ಟೆ. ಅವರು ಅದನ್ನು ಕಾರಿಗೆ ಒಯ್ದರು. ನಾನು ಹಿಂದೆ ಕುಳಿತಿದ್ದೆ. ಮುಚ್ಚಳ ತೆಗೆದವರು ತಡೆದು, ರೂಢಿಯಂತೆ ಕುಡಿಕೆಯನ್ನು ಬೆರಿಲ್ ಕಡೆಗೆ ಒಂದು ಅಂಗುಲ ತಳ್ಳಿ, ಮತ್ತೆ ತಮ್ಮತ್ತ ಎಳೆದುಕೊಂಡು ತಿನ್ನತೊಡಗಿದರು. ಬೆರಿಲ್ ಅವರನ್ನು ನೋಡಿದರು, ಕುಡಿಕೆಯನ್ನು ನೋಡಿದರು. ಆಮೇಲೆ ಎಡಗೈಯಿಂದ ಕಿಟಕಿಯ ಹಿಡಿಕೆಯನ್ನು ತಿರುಗಿಸಿ ತಿರುಗಿಸಿ, ಗಾಜನ್ನು ಪೂರ್ತಿ ಇಳಿಸಿ, ಮೂಗನ್ನು ಹೊರಗೆ ಹಾಕಿ ಕುಳಿತರು.